ಸಿಮ್ಕೋ ಸರೋವರದ ಪರ್ಚ್: ಎಷ್ಟು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು, ಹೇಗೆ ಉಣ್ಣಬೇಕು

ಹೊಳೆಬದಿ (ಮಿಸಿಸಾಗಾ, ಒಂಟಾರಿಯೊ):

ಹನ್ನೊಂದು ಚಳಿಗಾಲಗಳಿಂದ ಸಿಮ್ಕೋ ಸರೋವರದ ಹೆಪ್ಪುಗಟ್ಟಿದ ನೀರಿನ ಮೇಲೆ ಕುಳಿತು ಹಳದಿ ಪರ್ಚ್ ಮೀನಿಗೆ ಗಾಳ ಹಾಕುತ್ತ ಬಂದಿದ್ದೇನೆ. ನನ್ನ ಪರಿಚಯದ ಕನ್ನಡದ ಮನೆಗಳಲ್ಲೇ ಈಗ ಆರೇಳು ಮಂದಿ ಈ ಹವ್ಯಾಸಕ್ಕೆ ಇಳಿದಿದ್ದಾರೆ. ಅದು ಸಂತೋಷದ ಸಂಗತಿಯೇ ಆದರೂ ಅವರು ಕೇಳುವ ಮೊದಲ ಪ್ರಶ್ನೆ ‘ದಿನಕ್ಕೆ ಎಷ್ಟು ಹಿಡಿಯಬಹುದು’ ಎಂಬುದಾಗಿರುತ್ತದೆಯೇ ಹೊರತು ‘ಮನೆಗೆ ಎಷ್ಟು ಬೇಕು’ ಎಂಬುದಲ್ಲ. ಈ ಎರಡು ಪ್ರಶ್ನೆಗಳ ನಡುವಿನ ಅಂತರದ ಬಗ್ಗೆ ನನಗೆ ಹೇಳಬೇಕಾದದ್ದು ಇದೆ. ನಿಮ್ಮಿಂದ ಕೇಳಬೇಕಾದದ್ದೂ ಇದೆ.

ಗೊತ್ತಿಲ್ಲದವರಿಗಾಗಿ ಮೊದಲು ಮೀನಿನ ಪರಿಚಯ. ಹಳದಿ ಪರ್ಚ್ ಅಂಗೈಗಿಂತ ಸ್ವಲ್ಪ ಉದ್ದದ, ಹಸಿರು ಬೆರೆತ ಚಿನ್ನದ ಬಣ್ಣದ ಮೀನು. ಬೆನ್ನಿನಿಂದ ಹೊಟ್ಟೆಯ ಕಡೆಗೆ ಆರರಿಂದ ಎಂಟು ಕಪ್ಪು ಪಟ್ಟೆಗಳು ಇಳಿದಿರುತ್ತವೆ. ಬೆನ್ನಿನ ಮೇಲಿನ ಎರಡು ಈಜುರೆಕ್ಕೆಗಳಲ್ಲಿ ಮುಂದಿನದು ಪೂರ್ತಿ ಮುಳ್ಳು. ಕಿವಿರಿನ ಮುಚ್ಚಳದ ಅಂಚೂ ಬ್ಲೇಡಿನಷ್ಟೇ ಹರಿತ. ತಲೆಯ ಕಡೆಯಿಂದ ಹಿಂದಕ್ಕೆ ಕೈ ಸವರಿ ರೆಕ್ಕೆಯನ್ನು ಮಡಿಸಿಕೊಂಡು ಹಿಡಿಯದಿದ್ದರೆ ಬೆರಳಿಗೆ ಗಾಯ ಖಂಡಿತ. ಇದು ಗುಂಪಿನಲ್ಲಿ ತಿರುಗುವ ಮೀನು, ಕಣ್ಣಿನಿಂದ ನೋಡಿ ಬೇಟೆಯಾಡುವ ಮೀನು. ಹಾಗಾಗಿ ಬೆಳಕಿರುವಷ್ಟು ಹೊತ್ತು ಮಾತ್ರ ಕಚ್ಚುತ್ತದೆ; ಸೂರ್ಯ ಮುಳುಗಿದ ಮೇಲೆ ತಳದಲ್ಲಿ ಸುಮ್ಮನೆ ಒರಗಿಬಿಡುತ್ತದೆ.

ಟೊರೊಂಟೊದಿಂದ ಉತ್ತರಕ್ಕೆ ಸುಮಾರು ಒಂದು ಗಂಟೆಯ ದಾರಿಯಲ್ಲಿರುವ ಸಿಮ್ಕೋ 720 ಚದರ ಕಿಲೋಮೀಟರಿಗೂ ಮಿಕ್ಕಿದ ನೀರು. ಅದರ ದಕ್ಷಿಣದ ಬಾಲದಂತಿರುವ ಕುಕ್ಸ್ ಬೇ ಆಳವಿಲ್ಲದ, ನೀರುಗಿಡಗಳು ದಟ್ಟವಾಗಿ ಬೆಳೆಯುವ ಭಾಗ. ಗಿಡಗಳ ಸಾಲು ಮುಗಿದು ಬರಿಯ ತಳ ಶುರುವಾಗುವ ಅಂಚಿನಲ್ಲಿ, ನಾಲ್ಕರಿಂದ ಏಳು ಮೀಟರ್ ಆಳದಲ್ಲಿ, ನನಗೆ ಹೆಚ್ಚಿನ ಪರ್ಚ್ ಸಿಕ್ಕಿವೆ. ಒಂದೇ ರಂಧ್ರದ ಮುಂದೆ ದಿನವಿಡೀ ತಪಸ್ಸು ಮಾಡಬೇಡಿ. ಹತ್ತು ಹೆಜ್ಜೆಗೊಂದರಂತೆ ಏಳೆಂಟು ರಂಧ್ರ ಕೊರೆದುಕೊಂಡು, ಒಂದರಲ್ಲಿ ಹದಿನೈದು ನಿಮಿಷ ಏನೂ ಕಾಣದಿದ್ದರೆ ಮುಂದಿನದಕ್ಕೆ ಹೋಗಿ. ಗುಂಪು ಬಂತೆಂದರೆ ಇಪ್ಪತ್ತು ನಿಮಿಷದಲ್ಲಿ ಹತ್ತು ಮೀನು. ಹೋಯಿತೆಂದರೆ ಗಂಟೆಗಟ್ಟಲೆ ಒಂದೂ ಇಲ್ಲ.

ಕಚ್ಚುವ ರೀತಿಯನ್ನು ಹೇಳದೆ ಇರಲಾರೆ. ಮೊಣಕಾಲಿನಷ್ಟು ಉದ್ದದ ಕೋಲು, ಕೂದಲಿನಂಥ ದಾರ, ತುದಿಯಲ್ಲಿ ಉಗುರಿನಷ್ಟು ಮಿಣುಗುವ ಲೋಹದ ತುಂಡು, ಅದರ ಕೊಕ್ಕೆಗೆ ಒಂದು ಚೂರು ಮೀನು. ತಳ ಮುಟ್ಟಿಸಿ, ಒಂದು ಗೇಣು ಮೇಲೆತ್ತಿ, ಎರಡು ಸಲ ಕುಲುಕಿ, ಅಲುಗಾಡದಂತೆ ನಿಲ್ಲಿಸಬೇಕು. ಮೀನನ್ನು ಕರೆಯುವುದು ಕುಲುಕಾಟ, ಆದರೆ ಅದು ಬಾಯಿ ಹಾಕುವುದು ನಿಶ್ಚಲವಾದಾಗ. ಕೋಲಿನ ತುದಿ ಕೆಳಕ್ಕೆ ಬಾಗುವುದಕ್ಕೂ ಮೊದಲು ದಾರದ ಬಿಗಿ ಒಂದು ಕ್ಷಣ ಸಡಿಲಾದಂತೆ ಅನಿಸುತ್ತದೆ, ಏಕೆಂದರೆ ಮೀನು ಕೆಳಗಿನಿಂದ ಬಂದು ಎರೆಯನ್ನು ಮೇಲಕ್ಕೆ ಹೀರಿಕೊಂಡಿರುತ್ತದೆ. ಹೊನ್ನಾಳಿಯ ಹತ್ತಿರ ತುಂಗಭದ್ರೆಯಲ್ಲಿ ಬೆಂಡು ಮುಳುಗುವುದನ್ನು ಕಾಯುತ್ತಿದ್ದ ಹುಡುಗ ನಾನು. ಬೆಂಡು ಏಳುವುದೂ ಕಚ್ಚಿದ ಗುರುತೇ ಎಂದು ತಿಳಿಯಲು ಇಲ್ಲಿಗೆ ಬರಬೇಕಾಯಿತು.

ಇನ್ನು ಮುಖ್ಯ ವಿಷಯ. ಸಿಮ್ಕೋದಲ್ಲಿ ಸ್ಪೋರ್ಟ್ ಪರವಾನಗಿ ಇದ್ದವರಿಗೆ 50 ಪರ್ಚ್, ಕನ್ಸರ್ವೇಷನ್ ಪರವಾನಗಿ ಇದ್ದವರಿಗೆ 25 ಪರ್ಚ್ ಮಿತಿ. ಮೊದಲ ಎರಡು ವರ್ಷ ನಾನು ಐವತ್ತು ತುಂಬುವವರೆಗೂ ಏಳುತ್ತಿರಲಿಲ್ಲ. ಎರಡನೆಯ ವರ್ಷದ ಜೂನ್‌ನಲ್ಲಿ ಫ್ರೀಜರಿನ ತಳದಲ್ಲಿ ನಾಲ್ಕು ಚೀಲ ಮೀನು ಸಿಕ್ಕಿತು. ಅಂಚು ಬಿಳಿಚಿ, ಒಣಗಿ, ನಾರಿನಂತಾಗಿತ್ತು. ಅದನ್ನು ಕಸದ ಡಬ್ಬಿಗೆ ಸುರಿದ ದಿನದ ಸಂಕಟ ಇಂದಿಗೂ ಹಾಗೇ ಇದೆ. ಆ ಮೇಲೆ ಒಂದು ಲೆಕ್ಕ ಹಾಕಿಕೊಂಡೆ. 23 ಸೆಂಟಿಮೀಟರ್ ಉದ್ದದ ಒಂದು ಪರ್ಚ್ ಸುಮಾರು 150 ಗ್ರಾಂ ತೂಗುತ್ತದೆ. ಮುಳ್ಳು, ತಲೆ, ಚರ್ಮ ತೆಗೆದರೆ ಸುಮಾರು 60 ಗ್ರಾಂ ತಿರುಳು ಉಳಿಯುತ್ತದೆ. ಒಬ್ಬರಿಗೆ ನಾಲ್ಕು ಮೀನೆಂದರೆ ಹೊಟ್ಟೆ ತುಂಬ ಊಟ. ನಮ್ಮ ಮನೆಯಲ್ಲಿ ನಾಲ್ವರು, ಆದ್ದರಿಂದ ಹದಿನಾರು. ಹದಿನಾರನೆಯದು ಬಕೆಟ್ಟಿಗೆ ಬಿದ್ದ ಕೂಡಲೇ ಕೋಲು ಸುತ್ತುತ್ತೇನೆ. 28 ಸೆಂಟಿಮೀಟರಿಗಿಂತ ದೊಡ್ಡದನ್ನು ನೀರಿಗೆ ಬಿಡುತ್ತೇನೆ. ಹೆಣ್ಣು ಪರ್ಚ್ ಗಂಡಿಗಿಂತ ಬೇಗ ಮತ್ತು ಹೆಚ್ಚು ಬೆಳೆಯುವುದರಿಂದ ಆ ಗಾತ್ರದವು ಬಹುತೇಕ ತತ್ತಿ ಹೊತ್ತ ಹೆಣ್ಣುಗಳೇ. ನೀವು ಏನು ಮಾಡುತ್ತೀರಿ?

ಹೊಸಗಾಳ (ಬ್ರ್ಯಾಂಪ್ಟನ್):

ಹೊಳೆಬದಿ ಅವರೇ, ಇಷ್ಟು ವಿವರವಾಗಿ ಬರೆದುದಕ್ಕೆ ಧನ್ಯವಾದಗಳು. ನಾನು ಈ ದೇಶಕ್ಕೆ ಬಂದು ಎರಡು ವರ್ಷವಾಯಿತು. ಇನ್ನೂ ಒಮ್ಮೆಯೂ ಮಂಜಿನ ಮೇಲೆ ಕಾಲಿಟ್ಟಿಲ್ಲ. ಅಪ್ಪ, ಅಮ್ಮ ಜನವರಿಯ ಕೊನೆಗೆ ಮಂಡ್ಯದಿಂದ ಬರುತ್ತಿದ್ದಾರೆ. ಅಪ್ಪನಿಗೆ 67 ವರ್ಷ. ವಿಶ್ವೇಶ್ವರಯ್ಯ ನಾಲೆಯಲ್ಲಿ ಗಾಳ ಹಾಕಿ ಬೆಳೆದವರು, ಈಗಲೂ ಊರಿನಲ್ಲಿ ಭಾನುವಾರ ಎರೆಹುಳು ಅಗೆದುಕೊಂಡು ಹೊರಡುತ್ತಾರೆ. ಫೆಬ್ರವರಿಯ ಫ್ಯಾಮಿಲಿ ಡೇ ರಜೆಯಲ್ಲಿ ಪರವಾನಗಿ ಇಲ್ಲದೆಯೇ ಮೀನು ಹಿಡಿಯಬಹುದು ಎಂದು ಕೇಳಿದ್ದೇನೆ. ಅಂದು ಅವರನ್ನು ಕರೆದುಕೊಂಡು ಹೋಗಬಹುದೇ? 65 ದಾಟಿದವರಿಗೆ ಹೇಗೂ ಪರವಾನಗಿ ಬೇಡವೆಂದೂ ಒಬ್ಬರು ಹೇಳಿದರು. ಮಂಜು ಎಷ್ಟು ದಪ್ಪವಿದ್ದರೆ ಹೆದರಿಕೆಯಿಲ್ಲ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಹೊಳೆಬದಿ:

ಇಲ್ಲಿ ಹಲವರು ಎಡವುತ್ತಾರೆ, ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇನೆ. ಆ ರಜೆಯ ಉಚಿತ ಅವಕಾಶವೂ 65 ದಾಟಿದವರ ವಿನಾಯಿತಿಯೂ ಕೆನಡಾದ ನಿವಾಸಿಗಳಿಗೆ ಮಾತ್ರ ಅನ್ವಯಿಸುತ್ತವೆ. ಭಾರತದಿಂದ ಬಂದ ತಂದೆಯವರಿಗೆ ವಯಸ್ಸು ಎಷ್ಟೇ ಆಗಿರಲಿ ಪರವಾನಗಿ ಬೇಕು. ಒಂದು ದಿನದ ಸ್ಪೋರ್ಟ್ ಪರವಾನಗಿಯನ್ನು ಪಡೆದರೆ ಔಟ್‌ಡೋರ್ಸ್ ಕಾರ್ಡ್ (ಉಳಿದ ಪರವಾನಗಿಗಳಿಗೆ ಬೇಕಾಗುವ ಒಂಟಾರಿಯೊದ ಗುರುತಿನ ಚೀಟಿ) ಮಾಡಿಸುವ ಅಗತ್ಯವಿಲ್ಲ. ಅವರಿಗೆ ಅದೇ ಅನುಕೂಲ. ನಿಮ್ಮ ವಿಷಯ ಬೇರೆ: ನೀವು ಇಲ್ಲಿನ ನಿವಾಸಿಯಾದುದರಿಂದ ರಜೆಯ ದಿನ ಪರವಾನಗಿ ಇಲ್ಲದೆ ಹಿಡಿಯಬಹುದು, ಆದರೆ ಆಗ ನಿಮಗೆ ಅನ್ವಯಿಸುವುದು ಕನ್ಸರ್ವೇಷನ್ ಮಿತಿ, ಅಂದರೆ 25.

ಮಂಜಿನ ಬಗ್ಗೆ. ಗಾಜಿನಂತೆ ನೀಲಿಛಾಯೆಯ ಪಾರದರ್ಶಕ ಮಂಜು 10 ಸೆಂಟಿಮೀಟರ್ ಇದ್ದರೆ ನಡೆದಾಡಬಹುದು. ಬಿಳಿಯ, ಹಿಮ ಬೆರೆತು ಹೆಪ್ಪುಗಟ್ಟಿದ ಮಂಜಿಗೆ ಅದರ ಅರ್ಧದಷ್ಟೇ ಬಲ ಇರುವುದರಿಂದ ದಪ್ಪ ಎರಡರಷ್ಟು ಬೇಕು. ಹೊಳೆ ಬಂದು ಸೇರುವ ಬಾಯಿ, ದೋಣಿಕಟ್ಟೆಯ ಸುತ್ತ, ಬಿರುಕು ಎದ್ದು ನಿಂತ ಸಾಲು, ಈ ಮೂರರ ಹತ್ತಿರ ಸುಳಿಯಬೇಡಿ. ಮೊದಲ ಸಲ ಹೋಗುವವರು ಮಂಜಿನ ಮೇಲೆ ಕುಳಿತು ಮೀನು ಹಿಡಿಯಲು ಗುಡಿಸಲು ಬಾಡಿಗೆಗೆ ಕೊಡುವವರ ಜೊತೆ ಹೋಗುವುದು ಒಳ್ಳೆಯದು. ಬೆಳಿಗ್ಗೆ ಮಂಜಿನ ದಪ್ಪ ಅಳೆದ ಮೇಲೆಯೇ ಜನರನ್ನು ಒಯ್ಯುತ್ತಾರೆ, ಒಳಗೆ ಗ್ಯಾಸ್ ಒಲೆ ಇರುತ್ತದೆ. ಗಾಳಿಕಿಂಡಿಯನ್ನು ಮಾತ್ರ ಎಂಥ ಚಳಿಯಲ್ಲೂ ಮುಚ್ಚಬೇಡಿ, ಏಕೆಂದರೆ ಮುಚ್ಚಿದ ಗುಡಿಸಲಿನಲ್ಲಿ ಗ್ಯಾಸ್ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಎಚ್ಚರಿಸುವ ಉರಿಯೂ ಇಲ್ಲ.

ಈರೀ ದಂಡೆ (ಕ್ಲೀವ್‌ಲ್ಯಾಂಡ್, ಓಹಾಯೋ):

ಹೊಳೆಬದಿ ಅವರ ಹದಿನಾರರ ಲೆಕ್ಕಕ್ಕೆ ನನ್ನ ಪೂರ್ಣ ಸಮ್ಮತಿ ಇದೆ. ದೊಡ್ಡದನ್ನು ಬಿಡುವ ಮಾತಿಗೆ ಮಾತ್ರ ಒಂದು ತಿದ್ದುಪಡಿ ಬೇಕು. ನಾನು ಹದಿನೆಂಟು ವರ್ಷಗಳಿಂದ ಈರೀ ಸರೋವರದ ಮಧ್ಯಭಾಗದಲ್ಲಿ, ಹೆಚ್ಚಾಗಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ದೋಣಿಯಿಂದ ಪರ್ಚ್ ಹಿಡಿಯುತ್ತಿದ್ದೇನೆ. ಈರೀ ಸರೋವರದ ಪಶ್ಚಿಮದ ತುದಿ ಸರಾಸರಿ ಏಳು ಮೀಟರ್‌ನಷ್ಟೇ ಆಳವಿದ್ದರೆ, ನಮ್ಮ ಮಧ್ಯಭಾಗ ಸುಮಾರು 18 ಮೀಟರ್. ಎಮರಾಲ್ಡ್ ಶೈನರ್ ಎಂಬ ಬೆಳ್ಳಿ ಬಣ್ಣದ ಚಿಕ್ಕ ಮೀನನ್ನು ಎರಡು ಕೊಕ್ಕೆಗೆ ಚುಚ್ಚಿ, ಕೆಳಗೆ ಸೀಸದ ಗುಂಡು ಕಟ್ಟಿ ತಳಕ್ಕೆ ಇಳಿಸುತ್ತೇವೆ.

ಅಷ್ಟು ಆಳದಿಂದ ಮೇಲೆ ಬಂದ ಪರ್ಚ್‌ನ ಬಾಯಿಯನ್ನು ನೀವು ನೋಡಿದ್ದೀರಾ? ಗಂಟಲಿನಿಂದ ಬಲೂನಿನಂತೆ ಏನೋ ಉಬ್ಬಿ ಬಂದಿರುತ್ತದೆ, ಕಣ್ಣು ಹೊರಚಾಚಿರುತ್ತದೆ. ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಹಿಗ್ಗಿ, ಜಠರವನ್ನೇ ಹೊರಕ್ಕೆ ತಳ್ಳಿರುತ್ತದೆ. ನಮ್ಮ ಕಾಟ್ಲಾ, ರೋಹು, ಗೆಂಡೆಗಳಲ್ಲಿ ಗಾಳಿಚೀಲದಿಂದ ಅನ್ನನಾಳಕ್ಕೆ ಒಂದು ಕೊಳವೆ ಇರುವುದರಿಂದ ಮೇಲೇಳುವಾಗ ಅವು ಗಾಳಿಯನ್ನು ಬಾಯಿಂದ ಹೊರಬಿಡಬಲ್ಲವು. ಬೆಳೆದ ಪರ್ಚ್‌ಗೆ ಆ ಕೊಳವೆ ಇಲ್ಲ. ಅದರ ಚೀಲದ ಗಾಳಿ ರಕ್ತದ ಮೂಲಕವೇ ನಿಧಾನವಾಗಿ ಬರಬೇಕು, ನಿಧಾನವಾಗಿ ಹೋಗಬೇಕು. ಅಂಥ ಮೀನನ್ನು ‘ಬಿಟ್ಟೆ’ ಎಂದು ನೀರಿಗೆ ಹಾಕಿದರೆ ಅದು ಹೊಟ್ಟೆ ಮೇಲಾಗಿ ತೇಲುತ್ತದೆ, ಕಡಲಕ್ಕಿಗಳು ಎತ್ತಿಕೊಂಡು ಹೋಗುತ್ತವೆ. ನಾನು ಕಣ್ಣಾರೆ ನೂರಾರು ಸಲ ಕಂಡಿದ್ದೇನೆ.

ಆದ್ದರಿಂದ ಸುಮಾರು ಹತ್ತು ಮೀಟರಿಗಿಂತ ಆಳದಲ್ಲಿ ಹಿಡಿಯುವವರು ದೊಡ್ಡದು, ಚಿಕ್ಕದು ಎಂದು ಆರಿಸುವ ಆಸೆಯನ್ನೇ ಬಿಡಬೇಕು. ಮೇಲೆ ಬಂದದ್ದು ಯಾವುದಾದರೂ ಅದು ನಿಮ್ಮ ಲೆಕ್ಕಕ್ಕೆ ಸೇರಿತು. ಲೆಕ್ಕ ತುಂಬಿದೊಡನೆ ದಾರ ಮೇಲೆತ್ತಬೇಕು. ಚಿಕ್ಕವನ್ನು ಎಸೆಯುತ್ತ ದೊಡ್ಡದಕ್ಕಾಗಿ ಕಾಯುವವರು ಮೂವತ್ತು ಮೀನು ಮನೆಗೆ ಒಯ್ಯುವುದಕ್ಕೆ ಅರವತ್ತನ್ನು ಕೊಂದಿರುತ್ತಾರೆ. ಹೊಳೆಬದಿ ಅವರು ಹೇಳಿದ ಕುಕ್ಸ್ ಬೇಯ ಐದು ಮೀಟರ್ ಆಳದಲ್ಲಿ ಬಿಡುವುದಕ್ಕೆ ಅರ್ಥವಿದೆ; ಅದೇ ಸಿಮ್ಕೋದ ಕೆಂಪೆನ್‌ಫೆಲ್ಟ್ ಬೇಯ ಆಳದಲ್ಲಿ ಅದೇ ಕೆಲಸ ಮಾಡಿದರೆ ಮನಸ್ಸಿಗೆ ಸಮಾಧಾನ ಸಿಗಬಹುದು, ಮೀನಿಗೆ ಜೀವ ಸಿಗುವುದಿಲ್ಲ.

ನಮ್ಮಲ್ಲಿ ಇನ್ನೊಂದು ಸಂಗತಿಯೂ ಇದೆ. ಬೇಸಿಗೆಯ ಕೊನೆಯಲ್ಲಿ ಈರೀ ಮಧ್ಯಭಾಗದ ತಳದ ನೀರಿನಲ್ಲಿ ಆಮ್ಲಜನಕ ಬತ್ತಿಹೋಗುತ್ತದೆ. ಹೊಲಗಳಿಂದ ಹರಿದುಬರುವ ರಂಜಕದಿಂದ ಪಾಚಿ ಬೆಳೆದು, ಸತ್ತು, ತಳಕ್ಕಿಳಿದು ಕೊಳೆಯುವಾಗ ಅಲ್ಲಿನ ಆಮ್ಲಜನಕ ಕರಗುತ್ತದೆ. ಪರ್ಚ್ ಗುಂಪು ಆಗ ಆ ತಂಪು ಪದರದ ಅಂಚಿಗೆ ಒತ್ತಿಕೊಂಡು ನಿಲ್ಲುತ್ತದೆ. ಅಂಥ ದಿನ ಅವುಗಳನ್ನು ಹುಡುಕುವುದು ಸುಲಭ, ಬಾಚುವುದೂ ಸುಲಭ. ಅದಕ್ಕೇ ಮೀನು ಯಥೇಚ್ಛವಾಗಿದೆ ಎಂದು ಮೋಸಹೋಗುವುದೂ ಸುಲಭ. ನಮ್ಮ ಸರೋವರಕ್ಕೆ ನಾಲ್ಕು ರಾಜ್ಯಗಳೂ ಒಂಟಾರಿಯೊ ಪ್ರಾಂತ್ಯವೂ ಸೇರಿದ ಸಮಿತಿ ಪ್ರತಿ ವರ್ಷ ಕುಳಿತು, ನಾಲ್ಕು ವಿಭಾಗಗಳಿಗೆ ಬೇರೆಬೇರೆಯಾಗಿ ಪರ್ಚ್‌ನ ಒಟ್ಟು ತೂಕವನ್ನು ಗೊತ್ತುಮಾಡುತ್ತದೆ. ಮಧ್ಯಭಾಗದಲ್ಲಿ ಮೀನು ಕಡಿಮೆಯಾದಾಗ ಓಹಾಯೋ ನಮ್ಮ ದಿನದ ಮಿತಿಯನ್ನೂ ಇಳಿಸಿತು. ಹಳೆಯ ಮಿತಿ ನೆನಪಿನಲ್ಲಿದೆಯೆಂದು ಹೊರಡಬೇಡಿ, ಆಯಾ ವರ್ಷದ ನಿಯಮವನ್ನು ಓದಿಯೇ ಹೊರಡಿ.

ಉಪ್ಪುನೀರು (ಆಟವಾ, ಮೂಲ ಕುಂದಾಪುರ):

ಮೀನು ಹಿಡಿಯುವವರು ಇಷ್ಟು ಮಾತಾಡಿದ ಮೇಲೆ ಅಡುಗೆ ಮಾಡುವವಳೂ ಒಂದಿಷ್ಟು ಹೇಳುತ್ತೇನೆ. ನನ್ನ ಯಜಮಾನರು ತಂದ ಮೊದಲ ಪರ್ಚ್‌ಗೆ ನಾನು ಬಂಗುಡೆಗೆ ಹಾಕುವ ಮಸಾಲೆಯನ್ನೇ ಹಾಕಿದೆ. ಮೇಜಿನ ಮೇಲೆ ಮಸಾಲೆ ಇತ್ತು, ಮೀನು ಕಾಣೆಯಾಗಿತ್ತು. ಬಂಗುಡೆ, ಬೂತಾಯಿ ಎಣ್ಣೆಯಂಶ ತುಂಬಿದ ಮೀನುಗಳು, ಎಷ್ಟು ಖಾರವನ್ನಾದರೂ ಹೊತ್ತು ನಿಲ್ಲುತ್ತವೆ. ಪರ್ಚ್‌ನ ತಿರುಳಿನಲ್ಲಿ ಜಿಡ್ಡೇ ಇಲ್ಲ. ಬಿಳಿ, ಗಟ್ಟಿ, ನಾಲಿಗೆಯ ಮೇಲೆ ಸಣ್ಣ ಸಿಹಿ. ನಮ್ಮ ಕಡಲ ಮೀನುಗಳಲ್ಲಿ ಹೋಲಿಕೆ ಹುಡುಕಿದರೆ ಅದು ಕಾಣೆಗೆ ಹತ್ತಿರ. ಕಾಣೆಗೆ ತೋರಿಸುವ ಮರ್ಯಾದೆಯನ್ನೇ ಇದಕ್ಕೂ ತೋರಿಸಬೇಕು.

ನಾನು ಈಗ ಮಾಡುವ ಕ್ರಮ ಹೀಗಿದೆ. ತಿರುಳಿನ ಹೋಳುಗಳನ್ನು ಬಟ್ಟೆಯಲ್ಲಿ ಒತ್ತಿ ಪೂರ್ತಿ ಒಣಗಿಸುತ್ತೇನೆ, ಏಕೆಂದರೆ ನೀರಿನ ಪಸೆ ಉಳಿದರೆ ಹುರಿಯುವ ಬದಲು ಬೇಯುತ್ತದೆ. ಉಪ್ಪು, ಅರಿಶಿನ, ಲಿಂಬೆರಸ ಸವರಿ ಹತ್ತೇ ನಿಮಿಷ ಇಡುತ್ತೇನೆ. ಹೋಳು ತೆಳುವಾಗಿರುವುದರಿಂದ ಅದಕ್ಕಿಂತ ಹೆಚ್ಚು ಹೊತ್ತು ಹುಳಿಯಲ್ಲಿದ್ದರೆ ಪುಡಿಪುಡಿಯಾಗುತ್ತದೆ. ನಾಲ್ಕು ಬ್ಯಾಡಗಿ ಮೆಣಸು, ಎರಡು ಎಸಳು ಬೆಳ್ಳುಳ್ಳಿ, ಚೂರು ಹುಣಸೆ, ಕಾಲು ಚಮಚ ಕಾಳುಮೆಣಸು, ಇಷ್ಟನ್ನು ನುಣ್ಣಗೆ ಅರೆದು, ಬೆರಳಿಂದ ಒರೆಸಿದಂತೆ ತೆಳ್ಳಗೆ ಹಚ್ಚುತ್ತೇನೆ. ಸಣ್ಣ ರವೆಯಲ್ಲಿ ಹೊರಳಿಸಿ, ಚೆನ್ನಾಗಿ ಕಾದ ಕಾವಲಿಯ ಮೇಲೆ ತೆಂಗಿನೆಣ್ಣೆಯಲ್ಲಿ ಒಂದು ಬದಿಗೆ ಎರಡು ನಿಮಿಷ, ಇನ್ನೊಂದು ಬದಿಗೆ ಒಂದೂವರೆ ನಿಮಿಷ. ಅಂಚು ಸುರುಳಿಯಾಗಿ ಮೇಲೆದ್ದಾಗ ತಿರುಗಿಸಬೇಕು. ಒಂದೇ ಸಲ ಕಾವಲಿ ತುಂಬ ಜೋಡಿಸಿದರೆ ಕಾವು ಇಳಿದು ರವೆ ಮೆತ್ತಗಾಗುತ್ತದೆ. ನಾನು ಆರಕ್ಕಿಂತ ಹೆಚ್ಚು ಇಡುವುದಿಲ್ಲ.

ಗಸಿ ಮಾಡುವುದಾದರೆ ತಲೆ ಮತ್ತು ನಡುಮುಳ್ಳನ್ನು ಎಸೆಯಬೇಡಿ. ಕಿವಿರು ತೆಗೆದು, ತೊಳೆದು, ಇಪ್ಪತ್ತು ನಿಮಿಷ ಕುದಿಸಿ ಸೋಸಿದ ನೀರಿನಲ್ಲೇ ಕಾಯಿ ಮಸಾಲೆ ಕುದಿಸಿ. ಮಸಾಲೆಯ ಹಸಿವಾಸನೆ ಹೋದ ಮೇಲೆ ಹೋಳು ಇಳಿಸಿ, ಒಂದು ಕುದಿ ಬಂದೊಡನೆ ಒಲೆ ಆರಿಸಿ ಮುಚ್ಚಿಡಿ. ಸೌಟು ಆಡಿಸಬೇಡಿ, ಪಾತ್ರೆಯನ್ನೇ ಹಿಡಿದು ಮೆಲ್ಲಗೆ ತಿರುಗಿಸಿ.

ಹೊಳೆಬದಿ ಅವರಿಗೆ ನನ್ನದೊಂದು ತಕರಾರೂ ಇದೆ. ಫೆಬ್ರವರಿಯ ದೊಡ್ಡ ಪರ್ಚ್‌ನ ಹೊಟ್ಟೆಯಲ್ಲಿ ಸಿಗುವ ತತ್ತಿಗೆ ಉಪ್ಪು, ಖಾರ ಹಚ್ಚಿ ಸಣ್ಣ ಉರಿಯಲ್ಲಿ ಹುರಿದರೆ ನಮ್ಮ ಮನೆಯಲ್ಲಿ ಮಕ್ಕಳು ಬೇರೇನನ್ನೂ ಮುಟ್ಟುವುದಿಲ್ಲ. ಕರಾವಳಿಯವರಿಗೆ ಮೀನಿನ ಮೊಟ್ಟೆ ಎಂದರೆ ಪ್ರಾಣ. ಸರ್ಕಾರ ಮಿತಿಯನ್ನು ಗೊತ್ತುಮಾಡುವಾಗ ಇದನ್ನೆಲ್ಲ ಯೋಚಿಸಿಯೇ ಇರುವುದಿಲ್ಲವೇ? ಮಿತಿಯೊಳಗಿನ ನಾಲ್ಕು ದೊಡ್ಡ ಮೀನುಗಳಿಂದ ಸರೋವರ ಬರಿದಾಗುತ್ತದೆಯೇ?

ಹೊಳೆಬದಿ:

ಅಕ್ಕ, ನಿಮ್ಮ ತಕರಾರು ನ್ಯಾಯವಾದದ್ದೇ. ನಾಲ್ಕು ಮೀನುಗಳಿಂದ ಸರೋವರ ಬರಿದಾಗುವುದಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಆ ತತ್ತಿ ಮುಂದೆ ಏನಾಗುತ್ತದೆ ಎಂಬುದನ್ನು ಒಮ್ಮೆ ಕಂಡ ಮೇಲೆ ನನಗೆ ಕೈ ಬರಲಿಲ್ಲ.

ಬೇರೆ ಬಹಳಷ್ಟು ಮೀನುಗಳಲ್ಲಿ ತತ್ತಿ ಜೋಡಿ ಗಡ್ಡೆಯಾಗಿರುತ್ತದೆ, ಪರ್ಚ್‌ನಲ್ಲಿ ಎರಡೂ ಕೂಡಿಕೊಂಡು ಒಂದೇ ಆಗಿರುತ್ತದೆ. ಅದನ್ನು ನೀವು ಕೊಯ್ಯುವಾಗ ಗಮನಿಸಿರಬಹುದು. ಮಂಜು ಕರಗಿದ ಮೇಲೆ, ಏಪ್ರಿಲ್ ಮತ್ತು ಮೇ ತಿಂಗಳ ಹೊತ್ತಿಗೆ, ಹೆಣ್ಣು ಮೀನು ದಂಡೆಯ ಗಿಡಗಳ ನಡುವೆ ಅದನ್ನು ಒಂದೇ ಉದ್ದನೆಯ ಪಟ್ಟಿಯಾಗಿ ಹೊರಹಾಕುತ್ತದೆ. ಹಾರ್ಮೋನಿಯಂನ ತಿದಿಯಂತೆ ಮಡಿಕೆ ಮಡಿಕೆಯಾದ, ಲೋಳೆಯಂಥ ಪಾರದರ್ಶಕ ಪಟ್ಟಿ, ಒಳಗೆ ಸಾಬೂದಾನಿಯಂತೆ ಹತ್ತಾರು ಸಾವಿರ ಮೊಟ್ಟೆ. ನೀರಿನಲ್ಲಿ ಅದು ಉಬ್ಬಿದಾಗ ಎರಡು ಮೀಟರ್ ಉದ್ದಕ್ಕೂ ಹೋಗಬಲ್ಲದು. ತಾಯಿ ಕಾಯುವುದಿಲ್ಲ, ತಂದೆಯೂ ಕಾಯುವುದಿಲ್ಲ. ಆ ಲೋಳೆಯೇ ಮೊಟ್ಟೆಗಳಿಗೆ ಕಾವಲು, ಬೇರೆ ಮೀನುಗಳು ಅದನ್ನು ತಿನ್ನಲು ಹಿಂಜರಿಯುತ್ತವೆ. ಗಿಲ್‌ಫರ್ಡ್ ಹತ್ತಿರದ ದೋಣಿಕಟ್ಟೆಯ ಪಕ್ಕದಲ್ಲಿ ಮುರಿದ ಕೊಂಬೆಗೆ ಸುತ್ತಿಕೊಂಡಿದ್ದ ಅಂಥ ಪಟ್ಟಿಯನ್ನು ನಾನು ಮೊಣಕಾಲಷ್ಟು ನೀರಿನಲ್ಲಿ ನಿಂತು ನೋಡಿದೆ. ಕೆಲವು ಮೊಟ್ಟೆಗಳಲ್ಲಿ ಎರಡು ಕಪ್ಪು ಚುಕ್ಕೆ, ಮರಿಯ ಕಣ್ಣುಗಳು, ಆಗಲೇ ಮೂಡಿದ್ದವು.

ಮಿಷಿಗನ್ ಸರೋವರದಲ್ಲಿ 1990ರ ದಶಕದಲ್ಲಿ ಪರ್ಚ್ ಕುಸಿದುಹೋಗಿ, 1996ರಲ್ಲಿ ವಿಸ್ಕಾನ್ಸಿನ್ ರಾಜ್ಯ ಅಲ್ಲಿನ ಬಲೆಯ ವ್ಯಾಪಾರವನ್ನೇ ನಿಲ್ಲಿಸಬೇಕಾಯಿತು. ಗಾಳ ಹಾಕುವವರಿಂದಲೇ ಹಾಗಾಯಿತು ಎಂದು ನಾನು ಹೇಳುತ್ತಿಲ್ಲ. ಹೊರಗಿನಿಂದ ಬಂದ ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿ ನೀರನ್ನು ಸೋಸಿ ಸೋಸಿ ಮರಿಗಳ ಆಹಾರವನ್ನು ಕಸಿದದ್ದೂ ಸೇರಿ ಕಾರಣಗಳು ಹಲವು. ಮರಿಗಳು ವರ್ಷ ವರ್ಷ ಉಳಿಯದೆ ಹೋದಾಗ ಹಳೆಯ ಹೆಣ್ಣುಗಳೇ ಉಳಿದ ಬಂಡವಾಳ. ಸಿಮ್ಕೋದಲ್ಲೂ ಅಂಥ ಚಿಪ್ಪುಜೀವಿಗಳೂ ಗೋಬಿ ಮೀನೂ ಬಂದು ಸೇರಿವೆ. ಈ ಸರೋವರಕ್ಕಾಗಿಯೇ 2008ರಲ್ಲಿ ಪ್ರತ್ಯೇಕ ರಕ್ಷಣಾ ಕಾಯ್ದೆ ಮಾಡಿದ್ದಾರೆ. ಆದ್ದರಿಂದ ಬಿಡಬಹುದಾದ ಕಡೆ ಬಿಡುತ್ತೇನೆ.

ಈರೀ ದಂಡೆಯವರ ತಿದ್ದುಪಡಿಯನ್ನು ಮನಃಪೂರ್ವಕ ಸ್ವೀಕರಿಸುತ್ತೇನೆ. ಕೆಂಪೆನ್‌ಫೆಲ್ಟ್ ಬೇಯಲ್ಲಿ ನಾನು ಬಿಟ್ಟ ದೊಡ್ಡ ಮೀನುಗಳಲ್ಲಿ ಎಷ್ಟು ಮಂಜಿನ ಅಡಿಯಲ್ಲಿ ತೇಲಿ ಸತ್ತವೋ, ರಂಧ್ರದ ಮೂಲಕ ನನಗೆ ಕಾಣಲಿಲ್ಲವಷ್ಟೆ. ಇನ್ನು ಮುಂದೆ ಆಳದಲ್ಲಿ ಆರಿಸುವುದಿಲ್ಲ.

ಉಪ್ಪುನೀರು:

ಹಾಗಾದರೆ ನಮ್ಮ ಮನೆಯ ನಿಯಮವೂ ಇಂದಿನಿಂದ ಅದೇ ಆಗಲಿ. ಆಳದಿಂದ ಬಂದು ಉಳಿಯಲಾರದ ಮೀನಿನ ತತ್ತಿ ಕಾವಲಿಗೆ. ಆಳವಿಲ್ಲದ ನೀರಿನ ದೊಡ್ಡ ಹೆಣ್ಣು ಸರೋವರಕ್ಕೆ. ಯಜಮಾನರಿಗೆ ಓದಿ ಹೇಳಿದ್ದೇನೆ.

ಕೆರೆಏರಿ (ಮೈಸೂರು):

ನಾನು ಪರ್ಚ್ ಹಿಡಿದವನಲ್ಲ, ಆದರೆ ಕಳೆದ ವರ್ಷ ಮಗಳ ಮನೆಗೆ ನ್ಯೂಜೆರ್ಸಿಗೆ ಹೋಗಿದ್ದಾಗ ಅಂಗಡಿಯಿಂದ ‘ಓಷನ್ ಪರ್ಚ್’ ಎಂಬ ಹೆಪ್ಪುಗಟ್ಟಿದ ಹೋಳುಗಳನ್ನು ತಂದು ಮಾಡಿದ್ದೆವು. ನೀವು ಹೇಳುವ ಸಿಹಿಯಾಗಲೀ ಗಟ್ಟಿತನವಾಗಲೀ ಅದರಲ್ಲಿ ಇರಲಿಲ್ಲ. ನಾವು ಬೇಯಿಸಿದ್ದರಲ್ಲಿ ತಪ್ಪಾಯಿತೇ?

ಈರೀ ದಂಡೆ:

ತಪ್ಪು ನಿಮ್ಮದಲ್ಲ, ಹೆಸರಿನದು. ಓಷನ್ ಪರ್ಚ್ ಎಂದು ಮಾರುವುದು ಕೆಂಪು ಬಣ್ಣದ ಆಳಸಮುದ್ರದ ಮೀನು. ಪರ್ಚ್‌ನ ಕುಲಕ್ಕೆ ಸೇರಿದ್ದೇ ಅಲ್ಲ. ಆಫ್ರಿಕಾದ ನೈಲ್ ಪರ್ಚ್ ಕೂಡ ಬೇರೆಯೇ, ಅದು ನೂರು ಕಿಲೋ ದಾಟುವಷ್ಟು ಬೆಳೆಯುತ್ತದೆ. ನಮ್ಮ ದೇಶದ ಗದ್ದೆ, ಹಳ್ಳಗಳಲ್ಲಿ ಸಿಗುವ, ನೀರು ಬತ್ತಿದಾಗ ನೆಲದ ಮೇಲೆ ತೆವಳಿಕೊಂಡು ಹೋಗುವ ಅನಬಾಸ್ ಮೀನಿಗೂ ಇಂಗ್ಲಿಷಿನಲ್ಲಿ ಪರ್ಚ್ ಎಂಬ ಹೆಸರಿದೆ, ಸಂಬಂಧ ಮಾತ್ರ ಇಲ್ಲ. ಮುಂದಿನ ಸಲ ಅಂಗಡಿಯಲ್ಲಿ ಯೆಲ್ಲೋ ಪರ್ಚ್ ಅಥವಾ ಲೇಕ್ ಪರ್ಚ್ ಎಂದೇ ಕೇಳಿ. ಬೆಲೆ ಹೆಚ್ಚು, ಆದರೆ ಅದು ಈ ಮೀನೇ. ಅಂದ ಹಾಗೆ, ಗಾಳಕ್ಕೆ ಸಿಕ್ಕ ಹಳದಿ ಪರ್ಚ್‌ಗಳಲ್ಲಿ ಇದುವರೆಗಿನ ಅತಿ ದೊಡ್ಡ ದಾಖಲೆಯೂ ನಿಮ್ಮ ಮಗಳ ನ್ಯೂಜೆರ್ಸಿಯದೇ: 1865ರಲ್ಲಿ ಹಿಡಿದದ್ದು, 4 ಪೌಂಡ್ 3 ಔನ್ಸ್, ಎಂದರೆ ಸುಮಾರು 1.9 ಕಿಲೋ. ನೂರೈವತ್ತು ವರ್ಷಗಳು ದಾಟಿದರೂ ಅದನ್ನು ಮುರಿದವರಿಲ್ಲ.

ಬಿಳಿರಾತ್ರಿ (ಎಸ್ಪೋ, ಫಿನ್ಲೆಂಡ್):

ನಮ್ಮ ಕಡೆ ಇರುವುದು ಯುರೋಪಿನ ಪರ್ಚ್, ಇಲ್ಲಿನವರ ಮಾತಿನಲ್ಲಿ ಆಹ್ವೆನ್. ಹಳದಿ ಪರ್ಚ್‌ನ ದಾಯಾದಿ. ಹೊಟ್ಟೆಯ ಕಡೆಯ ರೆಕ್ಕೆಗಳು ಕುಂಕುಮದಂತೆ ಕೆಂಪು. ಫಿನ್ಲೆಂಡಿನ ರಾಷ್ಟ್ರೀಯ ಮೀನು ಇದೇ. ಇಲ್ಲಿ ಸಾದಾ ಕೋಲಿನ ಗಾಳಕ್ಕೂ ಮಂಜಿನ ರಂಧ್ರದ ಗಾಳಕ್ಕೂ ಪರವಾನಗಿ ಬೇಡ, ಎಲ್ಲರಿಗೂ ಹಕ್ಕಿದೆ. ವಲಸೆ ಮೀನುಗಳು ಏರುವ ರಭಸದ ಹೊಳೆಗಳಂಥ ಕೆಲವು ಜಾಗಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಮುದುಕರು, ಮಕ್ಕಳು ಒಂದೊಂದು ಪುಟ್ಟ ಸ್ಟೂಲ್ ಹಾಕಿಕೊಂಡು ಸರೋವರದ ತುಂಬ ಹರಡಿ ಕುಳಿತಿರುತ್ತಾರೆ.

ಅವರಿಂದ ಕಲಿತ ಒಂದು ವಿಷಯವನ್ನು ಇಲ್ಲಿ ಸೇರಿಸುತ್ತೇನೆ. ಹಿಡಿದ ಮೀನನ್ನು ಮಂಜಿನ ಮೇಲೆ ಹಾಗೇ ಬಿಸಾಡಿ ಒದ್ದಾಡಿಸಬಾರದು. ನೆತ್ತಿಗೆ ಒಂದು ಏಟು ಹಾಕಿ, ಕಿವಿರಿನ ಬುಡ ಕತ್ತರಿಸಿ ರಕ್ತ ಹರಿಸಿಬಿಟ್ಟರೆ ತಿರುಳು ಅಚ್ಚ ಬಿಳುಪಾಗಿ ಉಳಿಯುತ್ತದೆ, ಹಸಿ ವಾಸನೆ ಇರುವುದಿಲ್ಲ. ಅಪ್ಪಟ ಚಳಿಯಲ್ಲಿ ಮೀನು ಕಲ್ಲಿನಂತೆ ಹೆಪ್ಪುಗಟ್ಟಲು ಬಿಡುವುದೂ ತಪ್ಪು. ಮನೆಯಲ್ಲಿ ಕರಗಿಸಿ, ಕೊಯ್ದು, ಮತ್ತೆ ಫ್ರೀಜರಿಗೆ ಹಾಕಿದರೆ ತಿರುಳು ಹತ್ತಿಯಂತಾಗುತ್ತದೆ. ಮುಚ್ಚಳವಿರುವ ದಪ್ಪ ಡಬ್ಬಿಯಲ್ಲಿ ಸ್ವಲ್ಪ ಹಿಮದ ಜೊತೆ ಇಟ್ಟು, ಅದೇ ಸಂಜೆ ಕೊಯ್ದುಬಿಡಬೇಕು. ಇಲ್ಲಿಯವರು ಉಪ್ಪು ಮಾತ್ರ ಸವರಿ, ಆಲ್ಡರ್ ಮರದ ಪುಡಿಯ ಹೊಗೆಯಲ್ಲಿ ಇಡಿಯ ಮೀನನ್ನು ಬೇಯಿಸುತ್ತಾರೆ. ಬಿಸಿಯಿರುವಾಗ ಚರ್ಮ ಕಾಗದದಂತೆ ಸುಲಿದು ಬರುತ್ತದೆ.

ಹೊಳೆಬದಿ:

ಬಿಳಿರಾತ್ರಿ ಅವರ ಮಾತಿಗೆ ಒಂಟಾರಿಯೊದ ಒಂದು ನಿಯಮವನ್ನು ಸೇರಿಸಬೇಕು. ಸರೋವರದಲ್ಲೇ ಮೀನು ಕೊಯ್ದು ಹೋಳು ಮಾಡಿಕೊಂಡು ಹೊರಟರೆ, ಯಾವ ಮೀನೆಂದು ಗುರುತಿಸುವಷ್ಟು ಚರ್ಮ ಪ್ರತಿ ಹೋಳಿನ ಮೇಲೂ ಉಳಿದಿರಬೇಕು, ಎಣಿಸಲು ಬರುವಂತೆ ಕಟ್ಟಿರಬೇಕು. ಅದಕ್ಕೇ ನಾನು ಇಡಿಯಾಗಿ ಮನೆಗೆ ತಂದು ಕೊಯ್ಯುತ್ತೇನೆ. ಎರೆಗೆ ಕೊಂಡ ಜೀವಂತ ಮೀನು ಉಳಿದರೆ ರಂಧ್ರಕ್ಕೆ ಸುರಿಯುವಂತಿಲ್ಲ. ಅಂಗಡಿಯ ರಸೀದಿಯೂ ಜೊತೆಗಿರಲಿ.

ಹೊಸಗಾಳ:

ಫೆಬ್ರವರಿಯ ಮೂರನೆಯ ಶನಿವಾರ ಹೋಗಿಬಂದೆವು. ನೀವೆಲ್ಲರೂ ಇಷ್ಟು ಹೇಳಿಕೊಟ್ಟ ಮೇಲೆ ಆದದ್ದನ್ನು ತಿಳಿಸುವುದು ನನ್ನ ಕರ್ತವ್ಯ. ಅಪ್ಪನಿಗೆ ಒಂದು ದಿನದ ಪರವಾನಗಿ ಮಾಡಿಸಿದೆ, ಗುಡಿಸಲು ಬಾಡಿಗೆಗೆ ಪಡೆದೆವು. ಮಂಜಿನ ದಪ್ಪ ಮೊಣಕೈಯುದ್ದ ಇತ್ತು. ಆದರೂ ಮೊದಲ ಹತ್ತು ಹೆಜ್ಜೆ ಅಪ್ಪ ನನ್ನ ತೋಳನ್ನು ಬಿಡಲಿಲ್ಲ.

ಕೊಟ್ಟ ಕೋಲನ್ನು ಅವರು ಅರ್ಧ ಗಂಟೆ ಮಾತ್ರ ಹಿಡಿದರು. ಆಮೇಲೆ ಕೋಲನ್ನು ಮೊಣಕಾಲ ಮೇಲಿಟ್ಟು, ಕೈಗವಸು ತೆಗೆದು, ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು ಕುಳಿತರು. ಊರಿನ ನಾಲೆಯ ಮೇಲೆ ಕೂರುವುದು ಹೀಗೆಯೇ. ಹೊಳೆಬದಿ ಅವರು ಹೇಳಿದ ಆ ಸಡಿಲನ್ನು ನಾನು ಒಂದು ಸಲವೂ ಗುರುತಿಸಲಿಲ್ಲ. ಅಪ್ಪ ಬೆರಳಿನಲ್ಲೇ ಅದನ್ನು ಹಿಡಿದು ‘ಬಂತು’ ಎಂದು ಮೆಲ್ಲಗೆ ಹೇಳುತ್ತಿದ್ದರು, ನನಗೆ ಏನೂ ಕಾಣುವ ಮೊದಲೇ. ಅವರಿಗೆ ಹನ್ನೊಂದು, ನನಗೆ ನಾಲ್ಕು. ಐದು ಮೀಟರ್ ಆಳ, ಗುಡಿಸಲಿನ ಅಳತೆಪಟ್ಟಿಯಲ್ಲಿ 31 ಸೆಂಟಿಮೀಟರ್ ಬಂದ, ಹೊಟ್ಟೆ ತುಂಬಿದ ಒಂದು ಮೀನಿತ್ತು. ಬಿಡೋಣ ಎಂದು ನಾನು ಹೇಳಿ ಕಾರಣ ವಿವರಿಸುವಷ್ಟರಲ್ಲಿ ಅಪ್ಪ ಅದನ್ನು ತಲೆ ಕೆಳಗೆ ಮಾಡಿ ನೀರಿಗೆ ಇಳಿಸಿದ್ದರು. ‘ಬಸುರಿ’ ಎಂದಷ್ಟೇ ಹೇಳಿದರು. ಉಳಿದ ಹದಿನಾಲ್ಕರಲ್ಲಿ ಚಿಕ್ಕವು ಎರಡನ್ನು ಬಿಟ್ಟು, ಮೂವರಿಗೆ ಹನ್ನೆರಡು ತಂದೆವು.

ಊರಿನಲ್ಲಿ ಬಂಡೆಗೆ ಬೂದಿ ಹಾಕಿ ಮೀನು ಉಜ್ಜುವ ಅಮ್ಮನಿಗೆ ಇಲ್ಲಿನ ಸಿಂಕಿನಲ್ಲಿ ಬಹಳ ಕಷ್ಟವಾಯಿತು. ಪರ್ಚ್‌ನ ಪೊರೆ ಚರ್ಮಕ್ಕೆ ಬಿಗಿದುಕೊಂಡಿರುತ್ತದೆ. ಕಲ್ಲುಪ್ಪು ಹಾಕಿ, ಚಾಕುವಿನ ಬೆನ್ನಿನಿಂದ ಬಾಲದ ಕಡೆಯಿಂದ ಕೆರೆದ ಮೇಲೆ ಬಂತು. ಆರನ್ನು ಉಪ್ಪುನೀರು ಅಕ್ಕನವರ ಕ್ರಮದಲ್ಲಿ ಹುರಿದೆವು, ಆರು ಇಡಿಯಾಗಿ ಅಮ್ಮನ ಹುಳಿಸಾರಿಗೆ ಹೋದವು. ಬಿಸಿ ಮುದ್ದೆಯ ಜೊತೆ ಅಪ್ಪ ಎರಡನೆಯ ಸಲ ಸಾರು ಹಾಕಿಸಿಕೊಂಡರು. ಈಗ ಪ್ರತಿದಿನ ಕಿಟಕಿಯ ಹೊರಗೆ ನೋಡಿ ಚಳಿ ಎಷ್ಟಿದೆ ಎಂದು ಕೇಳುತ್ತಾರೆ. ಮಾರ್ಚ್ ಮೂರನೆಯ ವಾರ ಇನ್ನೊಮ್ಮೆ ಹೋಗಬಹುದೇ?

ಹೊಳೆಬದಿ:

ಓದಿ ಬಹಳ ಸಂತೋಷವಾಯಿತು. ಆದರೆ ಮಾರ್ಚ್ ಮೂರನೆಯ ವಾರ ಬೇಡ. ಆ ಹೊತ್ತಿಗೆ ಬಿಸಿಲಿಗೆ ಮಂಜು ಒಳಗಿನಿಂದ ಜೇನುಹುಟ್ಟಿನಂತೆ ತೂತುತೂತಾಗಿರುತ್ತದೆ. ಅಳೆದಾಗ 30 ಸೆಂಟಿಮೀಟರ್ ತೋರಿಸಿದರೂ ಆ ದಪ್ಪವನ್ನು ನಂಬುವಂತಿಲ್ಲ. ತಂದೆಯವರು ಮೇ ಕೊನೆಯವರೆಗೆ ಇರುವುದಾದರೆ ನೀರು ತೆರೆದ ಮೇಲೆ ಬ್ಯಾರಿ ಊರಿನ ದಂಡೆಯಲ್ಲಿ ಕುಳಿತು ಹಿಡಿಯಬಹುದು. ಅಲ್ಲಿ ಎರೆಹುಳುವೂ ನಡೆಯುತ್ತದೆ, ಬೆಂಡೂ ನಡೆಯುತ್ತದೆ, ಅವರಿಗೆ ಕೈಗವಸು ತೆಗೆಯುವ ಕಷ್ಟವೂ ಇರುವುದಿಲ್ಲ. ಪರವಾನಗಿಯನ್ನು ಮಾತ್ರ ಆ ದಿನಕ್ಕೆ ಹೊಸದಾಗಿ ಮಾಡಿಸಿ. ದಿನ ಗೊತ್ತಾದಾಗ ಇಲ್ಲಿ ತಿಳಿಸಿದರೆ ನಾನೂ ಬರುತ್ತೇನೆ. ಬೆರಳಿನ ಮೇಲೆ ದಾರ ಹಾಯಿಸುವ ಆ ಕ್ರಮವನ್ನು ಅವರ ಪಕ್ಕದಲ್ಲಿ ಕುಳಿತು ಕಲಿಯಬೇಕೆಂದಿದ್ದೇನೆ.